ಮೋಟಾರಿನ ನಾಡಿಪರೀಕ್ಷೆ

ತಿಪಟೂರು ಸೀಮೆಯಲ್ಲಿ ನಮ್ಮ ಅಣ್ಣನದೊಂದು ಸಣ್ಣ ತೆಂಗಿನ ತೋಟವುಂಟು. ಬಾವಿಯ ಮೇಲೆ ಮೂರು ಅಶ್ವಶಕ್ತಿಯ ಒಂದು ಮೋಟಾರು. ಕೆಲವು ವರ್ಷಗಳ ಹಿಂದೆ ಒಂದೇ ಬೇಸಗೆಯಲ್ಲಿ ಆ ಮೋಟಾರು ಮೂರು ಸಲ ಸುಟ್ಟುಹೋಯಿತು. ಮೊದಲ ಸಲ ಅಣ್ಣ ಹಣೆಬರಹವೆಂದ. ಎರಡನೆಯ ಸಲ ತಂತಿ ಸುತ್ತಿದವನ ಕೈಗುಣ ಸರಿಯಿಲ್ಲವೆಂದ. ಮೂರನೆಯ ಸಲ, ಈ ಮೋಟಾರಿನ ಸಹವಾಸವೇ ಬೇಡ, ಹೊಸದನ್ನು ತರೋಣವೆಂದು ಅತ್ತಿಗೆಯ ಬಳೆಗಳನ್ನು ಅಡವಿಡುವ ಮಾತೂ ಬಂದಿತು. ಶಾಲೆಗೆ ರಜೆಯಿದ್ದುದರಿಂದ ನಾನೂ ಊರಿನಲ್ಲಿದ್ದೆ. ಕಡೆಯ ಪ್ರಯತ್ನವೆಂದು ಇಬ್ಬರೂ ಮೋಟಾರನ್ನು ಆಟೋದಲ್ಲಿ ಹೇರಿಕೊಂಡು ಪೇಟೆಯ ಬೇರೊಂದು ವೈಂಡಿಂಗ್ ಅಂಗಡಿಗೆ ಹೋದೆವು.

ಅಂಗಡಿಯ ಮುದುಕರು ಸಾವಕಾಶವಾಗಿ ಮುಚ್ಚಳ ಬಿಚ್ಚಿದರು. ಒಳಗಿನ ತಂತಿಯ ಸುರುಳಿಗಳನ್ನು ಸುತ್ತಲೂ ನೋಡಿ, ಕನ್ನಡಕವನ್ನು ಹಣೆಗೇರಿಸಿ, "ಮೇಷ್ಟ್ರೇ, ಇಲ್ಲಿ ನೋಡಿ" ಎಂದರು. "ಎರಡು ಫೇಸಿನ ಸುರುಳಿ ಇದ್ದಿಲಾಗಿದೆ. ಮೂರನೆಯದರ ಮೇಲೆ ವಾರ್ನಿಷು ಇನ್ನೂ ಹೊಳೀತಿದೆ. ಇದು ತಾನಾಗಿ ಕೆಟ್ಟು ಸುಟ್ಟ ಮೋಟಾರಲ್ಲ, ಸುಡಿಸಿದ ಮೋಟಾರು. ನಿಮ್ಮ ಮೂರು ತಂತೀಲಿ ಒಂದು ಎಲ್ಲೋ ಕೈಕೊಡ್ತಾ ಇದೆ. ಅದನ್ನ ಹುಡುಕದೆ ನಾನು ಹತ್ತು ಸಲ ಸುತ್ತಿಕೊಟ್ಟರೂ ಹತ್ತು ಸಲವೂ ಸುಡುತ್ತೆ."

ಹುಡುಕಿದೆವು. ಬಾವಿಮನೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಒಂದು ತಿರುಪು ಸಡಿಲವಾಗಿ, ತಂತಿಯ ತುದಿ ಹಸಿರು ಕಿಲುಬು ಹಿಡಿದು ಕೂತಿದ್ದಿತು. ಎರಡು ಕಾಸಿನ ತಿರುಪು! ಅದರ ತಪ್ಪಿಗೆ ಮೂರು ಸಲ ಮೋಟಾರಿನ ಹೊಟ್ಟೆಯನ್ನು ಬಗೆದಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಗೆ ವಿವರಿಸಿದ್ದ ನನಗೆ ಅದರ ಅರ್ಥ ಅಂದು ಚೆನ್ನಾಗಿ ತಿಳಿಯಿತು.

ನಾನು ಕನ್ನಡ ಪಂಡಿತ. ವಿದ್ಯುದ್ವಿದ್ಯೆ ನನ್ನ ಓದಿನ ವಿಷಯವಲ್ಲ. ಆದರೆ ಸುಟ್ಟ ಸುರುಳಿಯನ್ನು ಕಂಡು, ಕಾಣದ ತಿರುಪಿನ ತಪ್ಪನ್ನು ಹೇಳಿದ ಆ ಮುದುಕರ ವಿದ್ಯೆ ಎಲ್ಲಿಂದ ಬಂದಿತೆಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಅಂದಿನಿಂದ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ. ಮೋಟಾರನ್ನು ಕಂಡುಹಿಡಿದವರ ಕಥೆಯನ್ನು ಶಾಲೆಯ ಪುಸ್ತಕಗಳೆಲ್ಲ ಹೇಳುತ್ತವೆ. ಅದರ ರೋಗವನ್ನು ಕಂಡುಹಿಡಿದವರ ಕಥೆಯನ್ನು ಹೇಳುವವರು ಕಡಮೆ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನು ತಿಳಿಯಲು ಐದು ಬಾಗಿಲುಗಳನ್ನು ಹೇಳಿದ್ದಾರೆ. ರೋಗದ ಕಾರಣ ನಿದಾನ. ರೋಗ ಬರುವ ಮುನ್ನ ತೋರುವ ಸೂಚನೆ ಪೂರ್ವರೂಪ. ಬಂದ ಮೇಲೆ ಕಾಣುವ ಲಕ್ಷಣ ರೂಪ. ಕೊಟ್ಟು ನೋಡಿ, ತಡೆದು ನೋಡಿ ತಿಳಿಯುವುದು ಉಪಶಯ. ಕಾರಣವು ಒಳಗೊಳಗೇ ಬೆಳೆದು ರೋಗವಾದ ಬಗೆ ಸಂಪ್ರಾಪ್ತಿ. ಮಾಧವಕರನ ನಿದಾನಗ್ರಂಥ ಈ ಐದರಿಂದಲೇ ಮೊದಲಾಗುತ್ತದೆ. ರೂಪವನ್ನೇ ರೋಗವೆಂದು ತಿಳಿಯುವವನು ವೈದ್ಯನಲ್ಲ. ಯಂತ್ರದ ವೈದ್ಯರೂ ಈ ಐದು ಬಾಗಿಲುಗಳನ್ನೇ ಒಂದೊಂದಾಗಿ ತೆರೆದುಕೊಂಡು ಬಂದರು. ಅದಕ್ಕೆ ಅವರಿಗೆ ಸುಮಾರು ನೂರೈವತ್ತು ವರ್ಷ ಹಿಡಿಯಿತು.

ಕಥೆಯ ಆರಂಭ ಮೋಟಾರಿನಲ್ಲಿಲ್ಲ, ತಂತಿಯಲ್ಲಿದೆ. ೧೮೨೧ರಲ್ಲಿ ಮೈಕೇಲ್ ಫ್ಯಾರಡೆ ಪಾದರಸದ ಬಟ್ಟಲಿನಲ್ಲಿ ತೂಗಿಬಿಟ್ಟ ತಂತಿಯೊಂದು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದನು. ವಿದ್ಯುತ್ತಿನಿಂದ ತಿರುಗುವ ಚಲನೆ ಹುಟ್ಟಿದುದು ಅಂದು. ಆದರೆ ಆಗ ಮೋಟಾರು ಪ್ರಯೋಗಶಾಲೆಯ ಆಟಿಕೆ. ಕೆಟ್ಟರೆ ಯಾರಿಗೂ ನಷ್ಟವಿಲ್ಲ. ನಷ್ಟವಿಲ್ಲದ ಕಡೆ ತಪ್ಪು ಹುಡುಕುವ ಶಾಸ್ತ್ರ ಬೆಳೆಯುವುದಿಲ್ಲ. ಮೊದಲು ನಷ್ಟವಾದುದು ಟೆಲಿಗ್ರಾಫಿನಲ್ಲಿ.

೧೮೫೮ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಕೇಬಲ್ಲಿನ ಮೂಲಕ ಇಂಗ್ಲೆಂಡಿನ ರಾಣಿಯ ಸಂದೇಶ ಅಮೆರಿಕವನ್ನು ಮುಟ್ಟಿತು. ಎರಡೂ ದೇಶಗಳಲ್ಲಿ ಸಂಭ್ರಮವೋ ಸಂಭ್ರಮ. ಕೆಲವೇ ವಾರಗಳಲ್ಲಿ ಕೇಬಲ್ಲು ಮೂಕವಾಯಿತು. ಸಂಕೇತ ಮಸುಕಾದಾಗ ಅದರ ಉಸ್ತುವಾರಿಯಲ್ಲಿದ್ದ ವೈಟ್‌ಹೌಸನು ಸುಮಾರು ಎರಡು ಸಾವಿರ ವೋಲ್ಟಿನ ಒತ್ತಡವನ್ನು ಅದಕ್ಕೆ ಕೊಟ್ಟಿದ್ದನು. ಮೊದಲೇ ದುರ್ಬಲವಾಗಿದ್ದ ಹೊದಿಕೆ ಅದನ್ನು ತಾಳಲಿಲ್ಲ. ರೋಗವೇನೆಂದು ತಿಳಿಯದೆ ಮದ್ದಿನ ಪ್ರಮಾಣವನ್ನು ಹೆಚ್ಚಿಸಿದ ಹಾಗಾಯಿತು. ತನಿಖೆ ನಡೆಯಿತು, ೧೮೬೧ರಲ್ಲಿ ವರದಿ ಬಂದಿತು. ಅದೇ ವರ್ಷ ಬ್ರಿಟಿಷ್ ಅಸೋಸಿಯೇಷನ್ನು ವಿದ್ಯುದ್ರೋಧಕ್ಕೆ ಒಂದು ಪ್ರಮಾಣವಾದ ಅಳತೆಯನ್ನು ಗೊತ್ತುಮಾಡಲು ಸಮಿತಿಯನ್ನು ನೇಮಿಸಿತು. ಇಂದು ಓಮ್ ಎನ್ನುವ ಅಳತೆ ಆ ಸಮಿತಿಯ ಕೆಲಸದಿಂದ ಬೆಳೆದು ಬಂದುದು. ಅಳತೆಗೋಲಿಲ್ಲದ ಅಂಗಡಿಯಲ್ಲಿ ಮೋಸವನ್ನು ಹಿಡಿಯುವುದು ಹೇಗೆ? ಹಾಗೆಯೇ ಅಳತೆಯಿಲ್ಲದೆ ತಪ್ಪನ್ನು ಹಿಡಿಯುವಂತಿಲ್ಲ.

ಅಳೆಯುವ ಉಪಾಯವಂತೂ ಆಗಲೇ ಸಿದ್ಧವಾಗಿದ್ದಿತು. ೧೮೩೩ರಲ್ಲಿ ಕ್ರಿಸ್ಟಿ ಎಂಬಾತನು ಸೂಚಿಸಿ, ೧೮೪೩ರಲ್ಲಿ ವೀಟ್‌ಸ್ಟನ್ನನು ಪ್ರಚಾರಕ್ಕೆ ತಂದ ಸೇತುವೆಯೆಂಬ ಉಪಕರಣ ಒಂದು ಬಗೆಯ ತಕ್ಕಡಿ. ಒಂದು ತಟ್ಟೆಯಲ್ಲಿ ಗೊತ್ತಿರುವ ರೋಧ, ಇನ್ನೊಂದರಲ್ಲಿ ಗೊತ್ತಿಲ್ಲದ್ದು. ಮುಳ್ಳು ನಡುವೆ ನಿಂತರೆ ಎರಡೂ ಸಮ. ಮೈಲಿಯೊಂದಕ್ಕೆ ತಂತಿಯ ರೋಧ ಎಷ್ಟೆಂದು ಗೊತ್ತಿದ್ದರೆ, ದಡದಲ್ಲಿ ಕೂತೇ ಸಮುದ್ರದೊಳಗೆ ಎಷ್ಟನೆಯ ಮೈಲಿಯಲ್ಲಿ ಹೊದಿಕೆ ಹರಿದಿದೆಯೆಂದು ಲೆಕ್ಕ ಹಾಕಬಹುದು. ಬಿಚ್ಚಿ ನೋಡದೆ ಒಳಗಿನ ಗಾಯವನ್ನು ಹೊರಗಿನಿಂದ ಹೇಳುವ ವಿದ್ಯೆಗೆ ಇದು ಶ್ರೀಕಾರ.

ಆಮೇಲೆ ಮೋಟಾರು ಪ್ರಯೋಗಶಾಲೆಯಿಂದ ಬೀದಿಗೆ ಬಂದಿತು. ೧೮೭೩ರ ವಿಯೆನ್ನಾ ಪ್ರದರ್ಶನದಲ್ಲಿ ಗ್ರಾಮ್ ಎಂಬಾತನ ಡೈನಮೋ ಒಂದನ್ನು ಇನ್ನೊಂದು ಡೈನಮೋವಿಗೆ ಸೇರಿಸಿದಾಗ ಎರಡನೆಯದು ಮೋಟಾರಾಗಿ ತಿರುಗಿತು. ಮುಂದಿನ ಹದಿನೈದು ವರ್ಷಗಳಲ್ಲಿ ಇಟಲಿಯ ಫೆರಾರಿಸ್, ಅಮೆರಿಕದಲ್ಲಿ ನೆಲಸಿದ ಟೆಸ್ಲಾ ಇವರು ತಿರುಗುವ ಕಾಂತಕ್ಷೇತ್ರದ ಮೋಟಾರನ್ನು ಬೇರೆಬೇರೆಯಾಗಿ ಕಂಡುಕೊಂಡರು. ಇಬ್ಬರ ಕೆಲಸವೂ ೧೮೮೮ರಲ್ಲಿ ಪ್ರಕಟವಾಯಿತು. ಮರುವರ್ಷ ಜರ್ಮನಿಯ ಎ.ಇ.ಜಿ. ಸಂಸ್ಥೆಯಲ್ಲಿದ್ದ ಡೊಲಿವೊ-ಡೊಬ್ರೊವೋಲ್ಸ್ಕಿ ಮೂರು ಫೇಸಿನ, ಪಂಜರದಂಥ ರೋಟರಿನ ಮೋಟಾರನ್ನು ಮಾಡಿದನು. ಇಂದು ಬಾವಿಗಳ ಮೇಲೂ ಹಿಟ್ಟಿನ ಗಿರಣಿಗಳಲ್ಲೂ ಇರುವುದು ಹೆಚ್ಚಾಗಿ ಅದರ ಸಂತಾನವೇ. ೧೮೯೧ರಲ್ಲಿ ಲೌಫೆನ್ನಿನಿಂದ ಫ್ರಾಂಕ್‌ಫರ್ಟಿಗೆ ೧೭೫ ಕಿಲೋಮೀಟರು ದೂರ ತಂತಿಯಲ್ಲಿ ಬಂದ ವಿದ್ಯುತ್ತು ಅಲ್ಲಿ ನೂರು ಅಶ್ವಶಕ್ತಿಯ ಮೋಟಾರನ್ನು ತಿರುಗಿಸಿ, ಪಂಪಿನಿಂದ ಒಂದು ಕೃತಕ ಜಲಪಾತವನ್ನೇ ಹರಿಸಿತು.

ನಮ್ಮಲ್ಲಿ ಈ ಬಗೆಯ ಶಕ್ತಿ ಬಂದುದು ಅದಾದ ಹನ್ನೊಂದೇ ವರ್ಷಕ್ಕೆ. ೧೯೦೨ರ ಜೂನ್ ೩೦ರಂದು ಶಿವನಸಮುದ್ರದ ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದುದು ೧೯೦೫ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ ಕಾವೇರಿ ಗಣಿಯ ಯಂತ್ರಗಳನ್ನು ತಿರುಗಿಸುತ್ತಿದ್ದಳು. ಆಳವಾದ ಗಣಿಯಲ್ಲಿ ಮೋಟಾರು ನಿಂತರೆ ಬರಿಯ ನಷ್ಟವಲ್ಲ; ನೀರೆತ್ತುವುದು, ಗಾಳಿಯೂಡುವುದು, ಆಳುಗಳನ್ನು ಮೇಲೆತ್ತುವುದು ಎಲ್ಲಕ್ಕೂ ಕುತ್ತು. ಆಟಿಕೆಯಾಗಿದ್ದ ಮೋಟಾರು ಹೀಗೆ ಮನುಷ್ಯರ ಜೀವಕ್ಕೆ ಹೊಣೆಯಾಯಿತು. ಅದು ಏಕೆ ಕೆಡುತ್ತದೆಂದು ತಿಳಿಯುವುದು ಅನಿವಾರ್ಯವಾಯಿತು.

ಮೋಟಾರಿನಲ್ಲಿ ಮೊದಲು ಸಾಯುವುದು ತಾಮ್ರವಲ್ಲ, ಕಬ್ಬಿಣವೂ ಅಲ್ಲ. ತಾಮ್ರದ ಮೇಲಿನ ಹೊದಿಕೆ. ಹತ್ತಿಯ ನೂಲು, ಕಾಗದ, ವಾರ್ನಿಷು, ಅಭ್ರಕ, ಇಂದಿನ ದಿನಗಳಲ್ಲಿ ಬಗೆಬಗೆಯ ಕೃತಕ ಲೇಪಗಳು: ಎಲ್ಲದರ ಕೆಲಸವೂ ಒಂದೇ, ವಿದ್ಯುತ್ತು ಹೋಗಬಾರದ ಕಡೆ ಹೋಗದಂತೆ ಕಾಯುವುದು. ಈ ಕಾವಲುಗಾರನ ಆರೋಗ್ಯವನ್ನು ಅಳೆಯುವ ಸಾಧನವನ್ನು ರೂಢಿಗೆ ತಂದವನು ಇಂಗ್ಲೆಂಡಿನ ಸಿಡ್ನಿ ಎವರ್‌ಷೆಡ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅವನ ಉಪಕರಣ ಮೆಗ್ಗರ್ ಎಂಬ ಹೆಸರು ಪಡೆಯಿತು. ಒಂದು ಪೆಟ್ಟಿಗೆ, ಪಕ್ಕದಲ್ಲೊಂದು ಹಿಡಿ. ಕಾಫಿಬೀಜ ಪುಡಿಮಾಡುವ ಯಂತ್ರದಂತೆ ಹಿಡಿಯನ್ನು ತಿರುಗಿಸಿದರೆ ಒಳಗಿನ ಪುಟ್ಟ ಡೈನಮೋ ಸಾಮಾನ್ಯವಾಗಿ ೫೦೦ ವೋಲ್ಟನ್ನು ಹುಟ್ಟಿಸುತ್ತದೆ. ಮುಳ್ಳು ಹೊದಿಕೆಯ ರೋಧವನ್ನು ದಶಲಕ್ಷ ಓಮ್‌ಗಳಲ್ಲಿ ತೋರಿಸುತ್ತದೆ. ಇಂದು ಹಿಡಿಯ ಬದಲು ಬ್ಯಾಟರಿ ಬಂದಿದ್ದರೂ ಅಂಗಡಿಗಳಲ್ಲಿ "ಮೆಗ್ಗರ್ ಹಾಕಿ ನೋಡಿ" ಎನ್ನುವ ಮಾತು ಉಳಿದಿದೆ.

ಎವರ್‌ಷೆಡ್ ಉಪಕರಣವನ್ನು ಮಾಡಿ ಸುಮ್ಮನಾಗಲಿಲ್ಲ. ಹೊದಿಕೆ ಸೋಲುವುದಾದರೂ ಏಕೆಂದು ಹತ್ತಾರು ವರ್ಷ ಹುಡುಕಿ, ೧೯೧೩ರಲ್ಲಿ ತನ್ನ ಶೋಧನೆಯನ್ನು ವಿದ್ವಾಂಸರ ಮುಂದಿಟ್ಟನು. ಶತ್ರು ತೇವ. ನೂಲು ಕಾಗದಗಳ ಸೂಕ್ಷ್ಮರಂಧ್ರಗಳಲ್ಲಿ ಸೇರಿಕೊಂಡ ನೀರು, ಒತ್ತಡ ಹೆಚ್ಚಿದಂತೆ ರಂಧ್ರದುದ್ದಕ್ಕೂ ಹರಡಿಕೊಂಡು ಕಾಲುದಾರಿ ಮಾಡುತ್ತದೆ. ಆದ್ದರಿಂದ ತೇವಗೊಂಡ ಹೊದಿಕೆ ಸಣ್ಣ ಒತ್ತಡದ ಪರೀಕ್ಷೆಯಲ್ಲಿ ಸಾಧುವಿನಂತೆ ತೋರಿ, ದೊಡ್ಡ ಒತ್ತಡದಲ್ಲಿ ಕೈಕೊಡುತ್ತದೆ. ನಮ್ಮ ರೈತರಿಗೆ ಇದು ಬಹಳ ಹತ್ತಿರದ ಮಾತು. ಮಳೆಗಾಲವಿಡೀ ಸುಮ್ಮನಿದ್ದ ಮೋಟಾರನ್ನು ಒಂದು ದಿನ ಏಕಾಏಕಿ ಚಾಲೂ ಮಾಡಿದಾಗ ಅದು ಸುಡುವುದುಂಟು. ಮುನ್ನಾದಿನ ಮೆಗ್ಗರಿನಿಂದ ನೋಡಿ, ಬೇಕಾದರೆ ಒಣಗಿಸಿದ್ದರೆ ಉಳಿಯುತ್ತಿದ್ದಿತು. ಪೂರ್ವರೂಪವೆಂಬ ಬಾಗಿಲನ್ನು ಯಂತ್ರವೈದ್ಯಕ್ಕೆ ತೆರೆದವರಲ್ಲಿ ಎವರ್‌ಷೆಡ್ ಮುಖ್ಯನೆನ್ನಬೇಕು.

ಇನ್ನು ನಮ್ಮ ಅಣ್ಣನ ಮೋಟಾರಿನ ಸಂಗತಿ. ಮೂರು ತಂತಿಗಳಲ್ಲಿ ಒಂದು ಕಡಿದರೆ ಮೋಟಾರು ನಿಲ್ಲಬೇಕಲ್ಲವೆ? ನಿಂತಿದ್ದರೆ ಚೆನ್ನಾಗಿತ್ತು. ನಿಂತ ಮೋಟಾರು ಹಾಗೆ ಹೊರಡಲಾರದು, ಬರಿದೆ ಗುಂಯ್‌ಗುಡುತ್ತದೆ. ಆದರೆ ಆಗಲೇ ತಿರುಗುತ್ತಿರುವ ಮೋಟಾರು, ಹೊರೆ ಹೆಚ್ಚಿಲ್ಲದಿದ್ದರೆ, ಎರಡು ತಂತಿಗಳ ಮೇಲೆಯೇ ತಿರುಗುತ್ತಿರುತ್ತದೆ. ನೀರೂ ಬೀಳುತ್ತಿರುತ್ತದೆ. ತೋಟದ ತುದಿಯಲ್ಲಿ ಪಾತಿ ಕಟ್ಟುತ್ತಿರುವ ರೈತನಿಗೆ ಏನೂ ತಿಳಿಯುವುದಿಲ್ಲ. ಒಳಗೆ ಎರಡು ಸುರುಳಿಗಳು ಮೂವರ ಕೆಲಸವನ್ನು ಹೊತ್ತು ಬೇಯುತ್ತಿರುತ್ತವೆ.

ಇದರ ಸಂಪ್ರಾಪ್ತಿಯನ್ನು ಗಣಿತದಿಂದ ಬಿಡಿಸಿಟ್ಟವನು ಚಾರ್ಲ್ಸ್ ಫೋರ್ಟೆಸ್ಕ್ಯೂ. ೧೯೧೩ರ ಕೊನೆಯಲ್ಲಿ, ಮೂರು ಫೇಸುಗಳು ಸಮನಾಗಿಲ್ಲದಾಗ ಮೋಟಾರಿಗೆ ಏನಾಗುತ್ತದೆಂಬ ಪ್ರಶ್ನೆಯನ್ನು ಅವನು ಕೈಗೆತ್ತಿಕೊಂಡನು. ೧೯೧೮ರಲ್ಲಿ ಅಮೆರಿಕದ ವಿದ್ಯುತ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ತನ್ನ ಪ್ರಬಂಧವನ್ನು ಓದಿದನು. ಅಲ್ಲಿನ ಮುಖ್ಯ ಮಾತನ್ನು ಹೀಗೆ ಹೇಳಬಹುದು. ಓರೆಯಾದ ಮೂರು ಫೇಸುಗಳನ್ನು ಒಂದು ನೆಟ್ಟಗಿನ ತ್ರಯ, ಒಂದು ಹಿಮ್ಮೊಗದ ತ್ರಯ, ಮೂರರಲ್ಲೂ ಸಮನಾಗಿರುವ ಒಂದು ಪಾಲು ಎಂದು ಬಿಡಿಸಬಹುದು. ನೆಟ್ಟಗಿನದು ಮೋಟಾರನ್ನು ಮುಂದಕ್ಕೆ ತಿರುಗಿಸುತ್ತದೆ. ಹಿಮ್ಮೊಗದ್ದು ಹಿಂದಕ್ಕೆ ಜಗ್ಗುತ್ತದೆ. ಒಂದೇ ನೊಗಕ್ಕೆ ಎದುರುಬದುರಾಗಿ ಎರಡು ಎತ್ತು ಕಟ್ಟಿದಂತೆ! ಹಿಮ್ಮೊಗದ ಪಾಲು ಒತ್ತಡದಲ್ಲಿ ಸಣ್ಣದಾದರೂ ಪ್ರವಾಹದಲ್ಲಿ ದೊಡ್ಡದಾಗುತ್ತದೆ. ಫೇಸುಗಳ ಒತ್ತಡದಲ್ಲಿ ನೂರಕ್ಕೆ ಒಂದರಷ್ಟು ಏರುಪೇರಿದ್ದರೆ ಪ್ರವಾಹದಲ್ಲಿ ನೂರಕ್ಕೆ ಆರರಿಂದ ಹತ್ತರಷ್ಟು ಏರುಪೇರಾಗುವುದು ಸಾಮಾನ್ಯ. ಪ್ರವಾಹ ಹೆಚ್ಚಿದರೆ ಶಾಖ. ಶಾಖ ಹೆಚ್ಚಿದರೆ ಹೊದಿಕೆಗೆ ಮುಪ್ಪು. ೧೯೩೦ರಲ್ಲಿ ಮಾಂಟ್‌ಸಿಂಗರ್ ಎಂಬಾತನು ಎಣ್ಣೆಯಲ್ಲಿರುವ ನಿರೋಧಕಗಳನ್ನು ಪರೀಕ್ಷಿಸಿ, ಎಂಟು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಆಯುಸ್ಸು ಅರ್ಧವಾಗುತ್ತದೆಂದು ತೋರಿಸಿದನು. ಮುಂದೆ ಇದೇ ಮಾತು ಸ್ಥೂಲವಾಗಿ ಹತ್ತು ಡಿಗ್ರಿಯ ನಿಯಮವೆಂದು ಮೋಟಾರುಗಳಿಗೂ ರೂಢಿಯಾಯಿತು.

ಆ ಮುದುಕರು ಫೋರ್ಟೆಸ್ಕ್ಯೂವನ್ನು ಓದಿದವರಲ್ಲ. ಆದರೆ ಸುಟ್ಟ ಗುರುತನ್ನು ಓದಬಲ್ಲವರು. ಸುರುಳಿಗಳನ್ನು ನಕ್ಷತ್ರದಾಕಾರದಲ್ಲಿ, ಎಂದರೆ ಸ್ಟಾರ್ ಎಂಬ ಕ್ರಮದಲ್ಲಿ ಜೋಡಿಸಿದ್ದರೆ, ಒಂದು ತಂತಿ ಕಡಿದಾಗ ಎರಡು ಫೇಸು ಸುಟ್ಟು ಒಂದು ಉಳಿಯುತ್ತದೆ. ತ್ರಿಕೋಣದ ಡೆಲ್ಟಾ ಜೋಡಣೆಯಾದರೆ ಒಂದು ಸುಟ್ಟು ಎರಡು ಉಳಿಯುತ್ತವೆ. ಮೂರೂ ಒಂದೇ ಸಮನಾಗಿ ಕಪ್ಪಾಗಿದ್ದರೆ ಅದು ಹೊರೆ ಹೆಚ್ಚಾದ ಗುರುತು; ಪಂಪು ಸಿಕ್ಕಿಕೊಂಡಿತ್ತೇ ಎಂದು ನೋಡಬೇಕು. ಒಂದೆಡೆ ಮಾತ್ರ ಚುಕ್ಕೆಯಂತೆ ಸುಟ್ಟಿದ್ದರೆ ಅಲ್ಲಿಯೇ ಹೊದಿಕೆ ಹರಿದಿದೆ. ಬೂದಿಯಲ್ಲಿಯೂ ಅಕ್ಷರವುಂಟು. ಸುಟ್ಟ ಸುರುಳಿಯನ್ನು ಕಿತ್ತೆಸೆದು ಹೊಸದನ್ನು ಸುತ್ತುವ ಆತುರದಲ್ಲಿ ಮೊದಲಿನ ಇಬ್ಬರು ಆ ಅಕ್ಷರಗಳನ್ನು ಓದದೆಯೇ ಅಳಿಸಿದ್ದರು.

ಮೆಗ್ಗರಿಗೂ ಕಾಣದ ಒಂದು ಗಾಯವಿದೆ. ಅದು ಸುರುಳಿಯಿಂದ ಕಬ್ಬಿಣಕ್ಕೆ ಸೋರುವುದನ್ನು ಹೇಳುತ್ತದೆಯೇ ಹೊರತು, ಒಂದೇ ಸುರುಳಿಯ ಎರಡು ಸುತ್ತುಗಳು ತಮ್ಮತಮ್ಮೊಳಗೆ ತಾಗಿದ್ದರೆ ಹೇಳಲಾರದು. ಮನೆಯೊಳಗಿನ ಜಗಳ ಬೀದಿಗೆ ಕೇಳುವುದಿಲ್ಲ. ಇದಕ್ಕೆ ರೈಲಾಂಡರ್ ಎಂಬ ಇಂಜಿನಿಯರು ೧೯೨೬ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ಅತಿ ಬೇಗನೆ ಏರಿಳಿಯುವ ವಿದ್ಯುತ್ತನ್ನು ಕೊಟ್ಟರೆ ಸುತ್ತುಸುತ್ತುಗಳ ನಡುವೆಯೂ ಒತ್ತಡ ಬಿದ್ದು ದುರ್ಬಲವಾದ ಜಾಗ ಬಯಲಾಗುತ್ತದೆ. ಈ ದಾರಿಯಲ್ಲಿ ಬೆಳೆದ ಇಂದಿನ ಪರೀಕ್ಷೆಯಲ್ಲಿ ಎರಡು ಫೇಸುಗಳಿಗೆ ಒಂದೇ ಬಗೆಯ ಹೊಡೆತವನ್ನು ಕೊಟ್ಟು, ಅವುಗಳ ಮರುದನಿಯನ್ನು ಪರದೆಯ ಮೇಲೆ ಹೋಲಿಸುತ್ತಾರೆ. ಎರಡು ಮಡಕೆಗಳನ್ನು ಬೆರಳಿನಿಂದ ತಟ್ಟಿ, ಯಾವುದು ಬಿರುಕು ಬಿಟ್ಟಿದೆಯೆಂದು ಸಂತೆಯಲ್ಲಿ ನಮ್ಮ ತಾಯಂದಿರು ಕಂಡುಕೊಳ್ಳುವುದಿಲ್ಲವೆ? ಅದೇ ಉಪಾಯ.

ಇಷ್ಟರವರೆಗೆ ಬರಿಯ ಮೋಟಾರಿನ ಮಾತಾಯಿತು. ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ವ್ಯವಸ್ಥೆಯನ್ನು ಕಾರ್ಖಾನೆಯವರು ಡ್ರೈವ್ ಎನ್ನುತ್ತಾರೆ. ಇದರ ಮೊದಲ ದೊಡ್ಡ ಹೆಸರು ವಾರ್ಡ್ ಲಿಯೊನಾರ್ಡ್. ೧೮೯೧ರಲ್ಲಿ ಅವನು ಪೇಟೆಂಟು ಪಡೆದ ಕ್ರಮದಲ್ಲಿ ಒಂದು ಮೋಟಾರು ಒಂದು ಡೈನಮೋವನ್ನು ತಿರುಗಿಸುತ್ತದೆ. ಆ ಡೈನಮೋವಿನ ಒತ್ತಡವನ್ನು ಹೆಚ್ಚು ಕಡಮೆ ಮಾಡಿ ಇನ್ನೊಂದು ಮೋಟಾರಿನ ವೇಗವನ್ನು ಹತೋಟಿಯಲ್ಲಿಡುತ್ತಾರೆ. ಗಣಿಗಳ ಎತ್ತುಗಡೆಯ ಯಂತ್ರ, ಲಿಫ್ಟು, ಕಾಗದದ ಕಾರ್ಖಾನೆ, ಉಕ್ಕಿನ ಕಾರ್ಖಾನೆಗಳಲ್ಲಿ ಈ ಕ್ರಮ ಬಹುಕಾಲ ಮೆರೆಯಿತು. ಅದರ ರೋಗಗಳು ಕಣ್ಣಿಗೆ ಕಾಣುತ್ತಿದ್ದವು. ಬ್ರಷ್ಷು ಉಜ್ಜುವ ತಾಮ್ರದ ಉರುಳೆ ತಿಳಿಕಂದು ಬಣ್ಣಕ್ಕೆ ಹೊಳೆಯುತ್ತಿದ್ದರೆ ಆರೋಗ್ಯ. ಕರಿಪಟ್ಟೆ ಬಿದ್ದು ಕಿಡಿ ಹಾರಿದರೆ ರೋಗ. ಅನುಭವಿಯಾದ ಕೆಲಸಗಾರ ದೂರದಿಂದಲೇ ಹೇಳಬಲ್ಲವನಾಗಿದ್ದ.

೧೯೫೭ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಮುಂದೆ ಥೈರಿಸ್ಟರ್ ಎನಿಸಿಕೊಂಡ ಅರೆವಾಹಕ ಸಾಧನ ಸಿದ್ಧವಾದ ಮೇಲೆ ಈ ಕಾಣುವ ಲೋಕ ಹಿಂದೆ ಸರಿಯಿತು. ತಿರುಗುವ ಡೈನಮೋವಿನ ಕೆಲಸವನ್ನು ಅಲುಗಾಡದ ಬಿಲ್ಲೆಗಳು ವಹಿಸಿಕೊಂಡವು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಜೋಡಿಸುವ ಸಾಧನಗಳು ಬಂದು, ಸಾಧಾರಣ ಪಂಜರದ ಮೋಟಾರನ್ನೇ ಬೇಕಾದ ವೇಗಕ್ಕೆ ಓಡಿಸುವುದು ಸುಲಭವಾಯಿತು. ಇಂದು ಮಹಡಿ ಮನೆಯ ಲಿಫ್ಟಿನಲ್ಲಿ, ನೀರು ಸರಬರಾಜಿನ ಪಂಪಿನಲ್ಲಿ, ಮೆಟ್ರೋ ರೈಲಿನಲ್ಲಿ ಇಂಥ ಡ್ರೈವುಗಳಿವೆ.

ಹೊಸ ಸೌಕರ್ಯದ ಜೊತೆಗೆ ಹೊಸ ರೋಗವೂ ಬಂದಿತು. ಡ್ರೈವಿನಿಂದ ಮೋಟಾರಿಗೆ ಹೋಗುವ ವಿದ್ಯುತ್ತು ಅಲೆಯಂತೆ ನುಣುಪಾಗಿರದೆ, ಗೋಡೆಯಂತೆ ಕಡಿದಾಗಿ ಏಳುವ ಪೆಟ್ಟುಗಳ ಸಾಲಾಗಿರುತ್ತದೆ. ನಾಲೆಯಲ್ಲಿ ನುಗ್ಗಿ ಬಂದ ನೀರು ಮುಚ್ಚಿದ ತೂಬಿಗೆ ಬಡಿದು ಮೇಲೇಳುವಂತೆ, ಉದ್ದವಾದ ಕೇಬಲ್ಲಿನ ತುದಿಯಲ್ಲಿ ಈ ಪೆಟ್ಟು ಮೋಟಾರಿಗೆ ಬಡಿದು ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಸುರುಳಿಯ ಮೊದಲ ಕೆಲವು ಸುತ್ತುಗಳೇ ಅದರ ಬಹುಪಾಲನ್ನು ತಾಳಬೇಕು. ೧೯೯೦ರ ದಶಕದ ಆರಂಭದಲ್ಲಿ ಹೀಗೆ ಮೋಟಾರುಗಳು ಕೆಟ್ಟಾಗ ಕಾರಣ ತಿಳಿಯದೆ ಹಲವರು ತಬ್ಬಿಬ್ಬಾದರು. ಸಂಶೋಧಕರು ಅಳೆದು ನೋಡಿ ಕಾರಣವನ್ನು ವಿವರಿಸಿದರು. ಮೋಟಾರು ತಯಾರಿಸಿದವನೂ ಡ್ರೈವ್ ತಯಾರಿಸಿದವನೂ ಸರಿಯಾಗಿಯೇ ಮಾಡಿದ್ದರು. ತಪ್ಪಿದ್ದುದು ಅವೆರಡರ ನಡುವಿನ ತಂತಿಯ ಉದ್ದದಲ್ಲಿ!

ಬೇರಿಂಗಿನ ಕಥೆಯೂ ಇಂಥದೇ. ಮೋಟಾರಿನ ಅಚ್ಚಿನಲ್ಲಿ ಬೇಡದ ವಿದ್ಯುತ್ತು ಹುಟ್ಟಿ ಬೇರಿಂಗಿನ ಮೂಲಕ ಹರಿದು ಅದನ್ನು ಕೆಡಿಸಬಲ್ಲುದೆಂದು ಆಲ್ಜರ್ ಮತ್ತು ಸ್ಯಾಮ್ಸನ್ ಎಂಬವರು ೧೯೨೪ರಲ್ಲೇ ಬರೆದಿದ್ದರು. ಡ್ರೈವುಗಳ ಕಾಲದಲ್ಲಿ ಆ ಹಳೆಯ ರೋಗ ಹೊಸ ವೇಷದಲ್ಲಿ ಮರಳಿತು. ಗ್ರೀಸಿನ ತೆಳುಪೊರೆಯನ್ನು ಸೀಳಿ ಹಾರುವ ಸಣ್ಣ ಕಿಡಿಗಳು ಬೇರಿಂಗಿನ ಒಳಮೈಯಲ್ಲಿ ಉತ್ತ ಹೊಲದಂಥ ಸಾಲುಗಳನ್ನು ಕೊರೆಯುತ್ತವೆ. ಗ್ರೀಸು ಸಾಲದಾಯಿತೆಂದು ಇನ್ನಷ್ಟು ಗ್ರೀಸು ತುಂಬಿದರೆ ರೋಗ ಹೋಗದು. ಅಚ್ಚಿನ ವಿದ್ಯುತ್ತಿಗೆ ಬೇರೆ ದಾರಿಯನ್ನು ಮಾಡಿಕೊಡಬೇಕು, ಇಲ್ಲವೆ ಬೇರಿಂಗಿನ ದಾರಿಯನ್ನು ಮುಚ್ಚಬೇಕು.

ಇಂದಿನ ಡ್ರೈವುಗಳು ತಮ್ಮ ತೊಂದರೆಯನ್ನು ತಾವೇ ಪುಟ್ಟ ಪರದೆಯ ಮೇಲೆ ಬರೆದು ತೋರಿಸುತ್ತವೆ: ಪ್ರವಾಹ ಹೆಚ್ಚಾಯಿತು, ಒತ್ತಡ ಹೆಚ್ಚಾಯಿತು, ನೆಲಕ್ಕೆ ಸೋರಿತು ಎಂದು. ಅದನ್ನು ಓದಿದೊಡನೆ ರೋಗ ತಿಳಿಯಿತೆಂದುಕೊಳ್ಳುವುದು ಈ ಕಾಲದ ಮರುಳು. ಪರದೆಯ ಮೇಲಿನದು ರೂಪ, ನಿದಾನವಲ್ಲ. ಬಲ್ಲವರು ಇಲ್ಲಿ ಉಪಶಯವನ್ನು ಬಳಸುತ್ತಾರೆ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಅನ್ವಯ ವ್ಯತಿರೇಕ. ಮೋಟಾರಿನ ತಂತಿಗಳನ್ನು ಬಿಡಿಸಿ ಡ್ರೈವನ್ನು ಒಂಟಿಯಾಗಿ ಚಾಲೂ ಮಾಡಿದಾಗಲೂ ಅದೇ ದೂರು ಬಂದರೆ ತಪ್ಪನ್ನು ಡ್ರೈವಿನಲ್ಲಿ ಹುಡುಕಬೇಕು. ದೂರು ನಿಂತರೆ ಕೇಬಲ್ಲಿನಲ್ಲಿ, ಇಲ್ಲವೆ ಮೋಟಾರಿನಲ್ಲಿ. ಕೇಬಲ್ಲನ್ನು ಮಾತ್ರ ಸೇರಿಸಿ ನೋಡಿದರೆ ಕ್ಷೇತ್ರ ಇನ್ನೂ ಕಿರಿದಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದವನಿಗೆ ಯಂತ್ರ ಸರಿಯಾದರೂ ತಿಳಿವಳಿಕೆ ಉಳಿಯುವುದಿಲ್ಲ. ಎಚ್ಚರವೂ ಬೇಕು. ಡ್ರೈವನ್ನು ಬಿಡಿಸದೆ ಮೆಗ್ಗರ್ ಹಾಕಿದರೆ ಆ ಒತ್ತಡಕ್ಕೆ ಡ್ರೈವಿನ ಬಿಲ್ಲೆಗಳೇ ಹೋಗಬಹುದು. ಸ್ವಿಚ್ಚು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕೆಲವು ನಿಮಿಷ ಪ್ರಾಣಾಪಾಯಕರವಾದ ವಿದ್ಯುತ್ತು ಕೂಡಿಕೊಂಡಿರುತ್ತದೆ. ಇದು ತರಬೇತಿಯಾದವರ ಕೆಲಸ. ನನ್ನಂಥ ಪಂಡಿತರು ದೂರ ನಿಂತು ನೋಡತಕ್ಕದ್ದು.

ಕಡೆಯದಾಗಿ, ನಾಡಿಪರೀಕ್ಷೆಯ ಮಾತು. ೧೯೮೦ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದವರು ಪರಮಾಣು ವಿದ್ಯುತ್ ಕೇಂದ್ರಗಳಲ್ಲಿ ಮೋಟಾರಿನಿಂದ ನಡೆಯುವ ಕವಾಟಗಳ ಮುಪ್ಪನ್ನು ಅರಿಯುವ ದಾರಿಯನ್ನು ಹುಡುಕುತ್ತಿದ್ದರು. ಅಲ್ಲಿ ಬೇಕಾದಾಗಲೆಲ್ಲ ಬಿಚ್ಚಿ ನೋಡುವಂತಿಲ್ಲ. ದೂರದಲ್ಲಿ ಹಾದುಹೋಗುವ ತಂತಿಗೆ ಇಕ್ಕಳದಂಥ ಉಪಕರಣವನ್ನು ತೊಡಿಸಿ, ಪ್ರವಾಹದ ಸಣ್ಣಸಣ್ಣ ಏರಿಳಿತಗಳನ್ನೇ ಅವರು ಓದಿದರು. ಇತರ ದೇಶಗಳಲ್ಲಿಯೂ ಆ ಕಾಲದಲ್ಲಿ ಇಂಥ ಕೆಲಸ ನಡೆದಿದ್ದಿತು. ಒಂದು ಉದಾಹರಣೆಯನ್ನು ಹೇಳಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತ. ನಿಮಿಷಕ್ಕೆ ೧೫೦೦ ಸುತ್ತು ತಿರುಗುವ ಕಾಂತಕ್ಷೇತ್ರದ ಹಿಂದೆ ಮೋಟಾರು ೧೪೫೫ ಸುತ್ತು ತಿರುಗುತ್ತಿದೆಯೆನ್ನೋಣ. ನೂರಕ್ಕೆ ಮೂರರಷ್ಟು ಹಿಂದುಳಿದಿದೆ. ರೋಟರಿನ ಪಂಜರದ ಒಂದು ಸರಳು ಮುರಿದಿದ್ದರೆ ಪ್ರವಾಹದಲ್ಲಿ ೫೦ರ ಅಕ್ಕಪಕ್ಕ ೪೭ರಲ್ಲೂ ೫೩ರಲ್ಲೂ ಸಣ್ಣ ತಲೆಗಳೆರಡು ಏಳುತ್ತವೆ. ಮೋಟಾರು ಓಡುತ್ತಲೇ ಇರುತ್ತದೆ. ಒಳಗೆ ಕಾಣದ ಕಡೆ ಮುರಿದ ಸರಳನ್ನು ವೈದ್ಯ ಹೊರಗೆ ನಿಂತು ಹೇಳುತ್ತಾನೆ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಹೊಟ್ಟೆಯ ಸಂಗತಿಯನ್ನು ಹೇಳುವ ನಮ್ಮೂರಿನ ಪಂಡಿತರ ನೆನಪು ನನಗಾಯಿತು.

ನೂರೈವತ್ತು ವರ್ಷಗಳ ಈ ಕಥೆಯಲ್ಲಿ ಉಪಕರಣಗಳು ಬದಲಾಗಿವೆ, ಪಾಠ ಬದಲಾಗಿಲ್ಲ. ತಪ್ಪು ಕಾಣುವುದು ಒಂದು ಕಡೆ, ಹುಟ್ಟುವುದು ಇನ್ನೊಂದು ಕಡೆ. ಕಂಡ ಕಡೆಗೇ ಕೈಹಾಕಿದ ವೈಟ್‌ಹೌಸನು ಒಂದು ಸಾಗರದ ಕೇಬಲ್ಲನ್ನು ಕಳೆದ. ನಮ್ಮ ಅಣ್ಣ ಅತ್ತಿಗೆಯ ಬಳೆಗಳನ್ನು ಕಳೆಯುವುದರಲ್ಲಿದ್ದ.

ಆ ತಿರುಪನ್ನು ಬಿಗಿದ ದಿನ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಫ್ಯೂಸು ಪದೇ ಪದೇ ಹೋಗುತ್ತಿದೆಯೆಂದು ಬೇಸತ್ತು, ಅಣ್ಣನೇ ಅದರ ಜಾಗದಲ್ಲಿ ದಪ್ಪ ತಂತಿಯನ್ನು ಕಟ್ಟಿದ್ದ. ಹೋಗುತ್ತಿದ್ದ ಫ್ಯೂಸು ಪೂರ್ವರೂಪವಾಗಿದ್ದಿತು. ಕೂಗುತ್ತಿದ್ದ ಕಾವಲುಗಾರನ ಬಾಯಿಗೆ ನಾವೇ ಬಟ್ಟೆ ತುರುಕಿದ್ದೆವು. ಮುದುಕರು ಅವನನ್ನು ಬೈಯಲಿಲ್ಲ. "ಯಜಮಾನರೇ, ಮೋಟಾರು ಸುಮ್ಮಸುಮ್ಮನೆ ಕೂಗಲ್ಲ. ಕೂಗಿದಾಗ ಏನೂಂತ ಕೇಳಿ" ಎಂದಷ್ಟೇ ಹೇಳಿ, ಸರಿಯಾದ ಫ್ಯೂಸನ್ನೂ, ಒಂದು ಫೇಸು ತಪ್ಪಿದರೆ ಮೋಟಾರನ್ನು ನಿಲ್ಲಿಸುವ ಒಂದು ಸಣ್ಣ ಪೆಟ್ಟಿಗೆಯನ್ನೂ ಹಾಕಿಸಿದರು. ಅದರ ಬೆಲೆ ಒಂದು ಸಲದ ವೈಂಡಿಂಗಿನ ಕೂಲಿಗಿಂತ ಕಡಮೆ.

ಮನೆಯ ನೀರಿನ ಪಂಪು ಗುಂಯ್‌ಗುಟ್ಟಿ ತಿರುಗದಿದ್ದರೆ, ಎಂದಿಲ್ಲದ ವಾಸನೆ ಬಂದರ, ಮುಟ್ಟಿದರೆ ಎಂದಿಗಿಂತ ಹೆಚ್ಚು ಬಿಸಿಯಾಗಿದ್ದರೆ ಓದುಗರು ಸ್ವಿಚ್ಚನ್ನು ತೆಗೆದು ತಿಳಿದವರನ್ನು ಕರೆಯಲಿ. ಅವರು ದುರಸ್ತಿ ಮಾಡಿ ಹೊರಟಾಗ, "ಸರಿಯಾಯಿತೆ?" ಎಂಬ ಪ್ರಶ್ನೆಯ ಜೊತೆಗೆ "ಏಕೆ ಕೆಟ್ಟಿತ್ತು?" ಎಂದೂ ಕೇಳಲಿ. ಅಣ್ಣನ ಬಾವಿಯ ಮೋಟಾರು ಅಂದಿನಿಂದ ಸುಟ್ಟಿಲ್ಲ. ಅತ್ತಿಗೆಯ ಬಳೆಗಳು ಅವರ ಕೈಯಲ್ಲಿಯೇ ಇವೆ.